ದೀಪದ ಹೊತ್ತಿನ ರೀಡಿಂಗ್

ಸಾಫ್ಟ್‌ವೇರ್ ಟೆಸ್ಟಿಂಗ್ ಈ ಪರದೇಶದಲ್ಲಿ ಅಜಿತನ ಹೊಟ್ಟೆಪಾಡು. ಆಫೀಸು ಬಿಟ್ಟು ಬಂದರೂ ತಪ್ಪು ಹುಡುಕುವ ಆ ಚಾಳಿ ಬಿಡದು. ಎರಡು ವರ್ಷದಿಂದ ಪ್ರತಿ ಶನಿವಾರ ಹೆಂಡತಿ ಯಾಮಿನಿಯನ್ನೂ ಮಗಳು ಮಾನ್ಯಳನ್ನೂ ಕಾರಿಗೆ ಹತ್ತಿಸಿಕೊಂಡು ಮನೆ ನೋಡಿದ್ದೇ ನೋಡಿದ್ದು. ಫ್ಲ್ಯಾಟ್ ಬುಷ್ ಬಡಾವಣೆಯ ಮನೆಯಲ್ಲಿ ತೇವ ಕಂಡಿತು, ತಕಾನಿನಿಯದರಲ್ಲಿ ಬಿರುಕು. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಕೇಳಿ ಯಾಮಿನಿಗೆ ಸಾಕುಸಾಕಾಗಿತ್ತು.

ಕೊನೆಗೆ ಹಿಲ್ಸ್‌ಬರೋದಲ್ಲಿ ನೆಲಮಹಡಿಯ ಅಪಾರ್ಟ್‌ಮೆಂಟೊಂದು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಕೆನಡಾದ ಗೆಳೆಯನೊಬ್ಬ ಅಜಿತನ ತಲೆಗೆ ಹೊಸ ಹುಳ ಬಿಟ್ಟ.

"ರೇಡಾನ್ ಅಂತ. ನೆಲದೊಳಗಿಂದ ಬರೋ ಗ್ಯಾಸ್ ಕಣೆ. ವಾಸನೆ ಇಲ್ಲ, ಬಣ್ಣ ಇಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಲಂಗ್ ಕ್ಯಾನ್ಸರ್ ಬರಬಹುದು," ಎಂದ ಅಜಿತ ಯಾಮಿನಿಗೆ.

"ಈ ದೇಶದಲ್ಲಿ ಯಾರಾದ್ರೂ ಅದನ್ನ ಕೇಳ್ತಾರೇನ್ರೀ?"

ಯಾರೂ ಕೇಳುವುದಿಲ್ಲ ಎಂದು ಮನೆ ಮಾರುವ ಏಜೆಂಟನೂ ನಕ್ಕ. ಆದರೂ ಖಾಲಿ ಮನೆಯೇ ತಾನೇ ಎಂದು ಒಂದು ವಾರದ ಮಟ್ಟಿಗೆ ಕೀಲಿ ಕೊಟ್ಟ. ಕೊರಿಯರಿನಲ್ಲಿ ಬಂದ, ರೇಡಾನ್ ಅಳೆಯುವ ಪುಟ್ಟ ಯಂತ್ರವನ್ನು ಅಜಿತ ನಡುಮನೆಯಲ್ಲಿಟ್ಟ. ಬಾಗಿಲು, ಕಿಟಕಿ ಏಳು ದಿನ ಮುಚ್ಚಿರಬೇಕು. ಅದು ತೋರಿಸುವ ಅಂಕಿಯ ಸರಾಸರಿ ನೂರು ದಾಟಿದರೆ ಈ ಮನೆಯೂ ಬೇಡ. ಕೀಲಿ ಯಾಮಿನಿಯ ಬ್ಯಾಗಿಗೆ ಬಿತ್ತು, ಅವಳು ಆಫೀಸಿನಿಂದ ಬರುವ ದಾರಿಯಲ್ಲೇ ಆ ಮನೆ.

ಐದನೆಯ ಸಂಜೆ ಅವಳು ಹೋಗಿ ನೋಡಿದರೆ ಅಂಕಿ ನೂರ ಇಪ್ಪತ್ತು. ಈ ಮನೆಯೂ ಕೈತಪ್ಪಿತು ಅನ್ನಿಸಿತು. ಹೊರಗೆ ಕತ್ತಲಾಗುತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲು ಮುಚ್ಚಿರಬಾರದು, ಲಕ್ಷ್ಮಿ ಹಿಂದಿರುಗಿ ಹೋಗುತ್ತಾಳೆ ಎಂದು ಮೈಸೂರಿನಲ್ಲಿ ಕಲಿತ ಕೈ ತಾನಾಗಿಯೇ ಹೋಗಿ ಬಾಗಿಲು ತೆರೆಯಿತು. ತಪ್ಪು ಅರಿವಾಗಿ ಮುಚ್ಚುವ ಹೊತ್ತಿಗೆ ಗಾಳಿ ಒಳಗೆಲ್ಲ ಆಡಿತ್ತು, ಅಂಕಿ ಇಳಿಯುತ್ತಿತ್ತು.

ಮರುದಿನವೂ ಅದರ ಮರುದಿನವೂ ಅವಳು ಬೇಕೆಂದೇ ತೆರೆದು, ಬರೀ ಕಾರ್ಪೆಟ್ಟಿನ ಮೇಲೆ ಒಂದೊಂದು ಗಂಟೆ ಕೂತಳು.

ಸರಾಸರಿ ತೊಂಬತ್ತಾರು ಬಂತು. ಅಜಿತ ಊಟದ ಮೇಜಿನ ಮೇಲೆ ಗ್ರಾಫ್ ತೆರೆದು ಬಹಳ ಹೊತ್ತು ನೋಡಿದ.

"ಮೂರು ದಿನಾನೂ ಐದೂಕಾಲಿಗೇ ಇಳಿದಿದೆ," ಎಂದ. "ದೀಪದ ಹೊತ್ತು."

ಯಾಮಿನಿ ಸುಳ್ಳು ಹೇಳಲು ಬಾಯಿ ತೆರೆದಳು, ಅದಕ್ಕೂ ತ್ರಾಣವಿರಲಿಲ್ಲ. "ಮೊದಲನೇ ದಿನ ಮರೆತು ತೆಗೆದೆ. ಆಮೇಲೆ ಬೇಕಂತಲೇ. ಇನ್ನೊಂದು ಮನೆ ನೋಡೋಕೆ ನನ್ ಕೈಲಿ ಆಗಲ್ಲ ರೀ," ಎಂದು ಅತ್ತುಬಿಟ್ಟಳು.

ಬೈಯುತ್ತಾನೆಂದುಕೊಂಡಿದ್ದಳು. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ನನಗೂ ಆಗಲ್ಲ ಕಣೆ. ತೆಗೆದ್ರೆ ಇಳಿಯುತ್ತಲ್ಲ, ತೆಗೆದಿಟ್ಕೊಂಡೇ ಇರೋಣ."

ಹಾಲು ಉಕ್ಕಿಸಿದ್ದು ಜುಲೈನಲ್ಲಿ, ಇಲ್ಲಿನ ನಡುಚಳಿಗಾಲದಲ್ಲಿ. ಸಂಜೆ ದೇವರ ಮುಂದೆ ದೀಪ ಹಚ್ಚಿ ಬಾಗಿಲು ತೆರೆದರೆ ದಕ್ಷಿಣ ಧ್ರುವದ ಕಡೆಯ ಗಾಳಿ ಮೂಳೆ ಕೊರೆಯುತ್ತಾ ನುಗ್ಗಿತು. ಅಜಿತ ದೀಪಕ್ಕೆ ಅಂಗೈ ಅಡ್ಡ ಹಿಡಿದು ಕೂತ.

"ಮಮ್, ಇಟ್ಸ್ ಫ್ರೀಝಿಂಗ್. ಕ್ಯಾನ್ ವಿ ಶಟ್ ಇಟ್?" ಎಂದಳು ಮಾನ್ಯ.

ಯಾಮಿನಿ ಮುಚ್ಚಲು ಎದ್ದಳು. ಶೆಲ್ಫಿನ ಮೇಲಿದ್ದ ಯಂತ್ರ ನೋಡಿದಳು. ನೂರ ನಾಲ್ಕು. ಬಾಗಿಲನ್ನು ಹಾಗೇ ಬಿಟ್ಟು ಬಂದು, ತನ್ನ ಶಾಲನ್ನು ಮಗಳಿಗೆ ಹೊದಿಸಿ, ಪಕ್ಕದಲ್ಲಿ ನಡುಗುತ್ತಾ ಕೂತಳು.