ಬುತ್ತಿ ಬಂದವರು ಬಾಡಿಗೆಯವರು

ಕಾಲೇಜಿನ ಹುಡುಗರು ತರಗತಿಯಲ್ಲಿ ಕೂತಿದ್ದಾರೋ ಇಲ್ಲವೋ ಎಂದು ಈ ಊರಿನ ಪುರಸಭೆ ಇದುವರೆಗೆ ಒಂದು ದಿನವೂ ಕೇಳಿದ್ದಿಲ್ಲ. ಪಾಠ ಹೇಳುವವರು ಬಂದಿದ್ದಾರೋ ಎಂಬುದನ್ನಂತೂ ಬಿಟ್ಟೇಬಿಡಿ. ಈ ವರ್ಷ ಮಾತ್ರ ಇದ್ದಕ್ಕಿದ್ದಂತೆ ಅದಕ್ಕೆ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಚಿಂತೆ ಹತ್ತಿತು. ಯಾವ ಓಣಿ, ಯಾರ ಮನೆ, ಮನೆಯವರು ಏನಾಗಬೇಕು, ಎಲ್ಲವನ್ನೂ ಪ್ರತಿ ಕಾಲೇಜು ಬರೆದು ತಿಳಿಸಬೇಕು ಎಂದು ಆದೇಶ ಹೊರಟಿತು. ಬಾಡಿಗೆ ಕೋಣೆಯಾದರೆ ಮನೆಯವರು ಪರವಾನಗಿ ತೆಗೆಸಬೇಕು. ಪರವಾನಗಿ ಸಿಗಬೇಕಾದರೆ ಬೇರೆ ಮೆಟ್ಟಿಲು, ಕ್ಯಾಮೆರಾ, ಬೆಂಕಿ ಆರಿಸುವ ಕೆಂಪು ಸಿಲಿಂಡರು ಇರಬೇಕು. ಪುರಸಭೆಯ ಕಟ್ಟಡದಲ್ಲೇ ಆ ಸಿಲಿಂಡರು ಇರಲಿಲ್ಲ, ಆ ಮಾತು ಬೇರೆ. ಪರವಾನಗಿ ಇಲ್ಲದ ಮನೆಯ ಹುಡುಗರು ಗಂಟುಮೂಟೆ ಕಟ್ಟಬೇಕು. ಸಂಬಂಧಿಕರ ಮನೆಯಲ್ಲಿ ಇರುವವರಿಗೆ ಮಾತ್ರ ಇದ್ಯಾವ ಕಾಟವೂ ಇಲ್ಲ.

ಇಷ್ಟು ಸಿಕ್ಕರೆ ನಮ್ಮ ಜನ ಬಿಟ್ಟಾರೆಯೇ? ವಾರದೊಳಗೆ ಊರಿಗೆ ಊರೇ ಬೀಗರ ಊರಾಯಿತು. ಮಿರ್ಚಿ ಭಜಿ ಅಂಗಡಿಯ ಮಡಿವಾಳೆಪ್ಪನ ಮಹಡಿಯ ತುಂಬ ಇದ್ದ ಹುಡುಗರೆಲ್ಲ ಅವನ ಅಕ್ಕತಂಗಿಯರ ಮಕ್ಕಳಾದರು. ಅವನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಅದು ಕಾಲೇಜಿನ ಪ್ರಾಚಾರ್ಯರಿಗೂ ಗೊತ್ತಿತ್ತು. ಅವರು ಕಣ್ಣು ಮುಚ್ಚಿ ಸಹಿ ಮಾಡಿ ಚಹಾ ಕುಡಿಯಲು ಹೋದರು.

ನಿವೃತ್ತ ಶಾಲಾ ಶಿಕ್ಷಕಿ ದ್ವಾರಕಾಬಾಯಿಯವರಿಗೂ ಹೀಗೆ ಅಣ್ಣನ ಮಕ್ಕಳೆಂದು ಇಬ್ಬರು ಸೊಸೆಯಂದಿರು ಹುಟ್ಟಿದರು. ಅವರ ಮಹಡಿಯ ಕೋಣೆಯಲ್ಲಿ ಮಿಶ್ರಿಕೋಟಿಯ ದಾನೇಶ್ವರಿ ಮತ್ತು ತಂಬೂರಿನ ನಾಜಮೀನ್ ಇದ್ದರು. ಇಬ್ಬರೂ ಬಿ.ಎಸ್ಸಿ. ಕೊನೆಯ ವರ್ಷದವರು. ಪ್ರಯೋಗಾಲಯದ ಕೆಲಸ ಮುಗಿಯುವ ಹೊತ್ತಿಗೆ ಅವರ ಊರಿನ ಕೊನೆಯ ಬಸ್ಸು ಹೋಗಿರುತ್ತಿತ್ತು, ಹಾಗಾಗಿ ಕೋಣೆ ಬೇಕೇ ಬೇಕು.

ದಾನೇಶ್ವರಿಗೆ ಕೋಣೆ ಸಿಗಲು ಕಷ್ಟವೇನೂ ಆಗಿರಲಿಲ್ಲ. ನಾಜಮೀನ್ ಮಾತ್ರ ಊರೆಲ್ಲ ಸುತ್ತಿದ್ದಳು. ಹೆಸರು ಕೇಳುವ ತನಕ ಎಲ್ಲರ ಮನೆಯಲ್ಲೂ ಕೋಣೆ ಖಾಲಿ ಇರುತ್ತಿತ್ತು. ಹೆಸರು ಹೇಳಿದ ಕೂಡಲೇ ಯಾರದೋ ಅಣ್ಣನ ಮಗ ಇರಲು ಬರುವವನಿರುತ್ತಿದ್ದ. ದ್ವಾರಕಾಬಾಯಿಯವರೂ ಅದನ್ನೇ ಹೇಳುವವರಿದ್ದರು. ಆದರೆ ಅವತ್ತು ಬೆಳಿಗ್ಗೆಯಷ್ಟೇ ಡಾಕ್ಟರು ಸಕ್ಕರೆ ಕಾಯಿಲೆಗೆ ಸೂಜಿ ಬರೆದು ಕೊಟ್ಟಿದ್ದರು. ಚುಚ್ಚುವವರು ಯಾರೂ ಇರಲಿಲ್ಲ. ಮೇಜಿನ ಮೇಲಿದ್ದ ಸೂಜಿ ನೋಡಿದ ಹುಡುಗಿ, "ನಾ ಮಾಡ್ತೀನ್ರಿ ಬಾಯಾರ, ನಮ್ಮ ಅಮ್ಮಿಗೆ ನಾನ ಮಾಡೂದು" ಅಂದಳು. ಅಣ್ಣನ ಮಗನ ಸುದ್ದಿ ಬಾಯಲ್ಲೇ ಉಳಿಯಿತು.

ಅಂದಿನಿಂದ ದ್ವಾರಕಾಬಾಯಿ ಪಡಸಾಲೆಯಲ್ಲಿ ಕೂತು ದಿನವೂ ತೋಳು ಒಡ್ಡಿದ್ದೇ ಒಡ್ಡಿದ್ದು. ತೋಳಿಗೆ ಅಂಟದ ಮೈಲಿಗೆ ಅಡಿಗೆಮನೆಗೆ ಮಾತ್ರ ಅಂಟುತ್ತಿತ್ತು. ಹುಡುಗಿಯರು ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಸೂಜಿಗೆ ರಿಯಾಯಿತಿ ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟದ ತಕರಾರೂ ಬರಲಿಲ್ಲ. ನಾಜಮೀನಳ ತಾಯಿ ರಜಿಯಾಬಿ ಬೆಳಿಗ್ಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿ ಮೊದಲ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದಳು. ದಾನೇಶ್ವರಿಯದೂ ಹಾಗೆಯೇ ಬರುತ್ತಿತ್ತು. ಹುಡುಗಿಯರು ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮ ತಮ್ಮ ಗಂಟು ಗುರುತಿಸಿ ತರುತ್ತಿದ್ದರು.

ಕಲ್ಲು ಬಿದ್ದದ್ದು ಈ ಬುತ್ತಿಯ ಮೇಲೇ. ಪುರಸಭೆಯ ಮುಖ್ಯಾಧಿಕಾರಿ ಪಂಢರಿನಾಥ ದ್ವಾರಕಾಬಾಯಿಯವರ ಗಂಡನ ತಂಗಿಯ ಮಗ. ಸಂಬಂಧದ ಪಟ್ಟಿ ನೋಡಿ ಅವನ ತಲೆ ಕೆಟ್ಟು ಮೊಸರಾಗಿತ್ತು. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬುತ್ತಿಯ ಗಂಟುಗಳನ್ನು ನೋಡಿ ಅವನಿಗೆ ಜ್ಞಾನೋದಯವಾಯಿತು. ಸಭೆಯಲ್ಲಿ ಎದ್ದು ನಿಂತು, "ಅತ್ತಿ ಮನ್ಯಾಗ ಇದ್ದವರಿಗೆ ಊರಿಂದ ರೊಟ್ಟಿ ಯಾಕ ಬರಬೇಕ್ರಿ? ಅತ್ತಿ ಏನು ಉಪವಾಸ ಕೆಡವ್ಯಾಳೇನು?" ಎಂದು ಕೇಳಿದ. ಸದಸ್ಯರೆಲ್ಲ ಹೌದೆಂದು ತಲೆ ಆಡಿಸಿದರು. ಮನೆಗೆ ಬಂದ ನೆಂಟರ ಮಗುವಿಗೆ ಬಸ್ಸಿನ ಬುತ್ತಿ ಉಣಿಸುವ ಮರ್ಯಾದೆಗೇಡಿಗಳು ನಮ್ಮ ಕಡೆ ಯಾರಿದ್ದಾರೆ? ಬುತ್ತಿ ಬಂದವರು ಬಾಡಿಗೆಯವರು ಎಂದು ಠರಾವಾಯಿತು.

ಮರುದಿನದಿಂದ ಬುತ್ತಿ ನಿಂತಿತು. ಮಡಿವಾಳೆಪ್ಪ ಅಳಿಯಂದಿರಿಗೆ ಮೂರು ಹೊತ್ತೂ ಮಿರ್ಚಿ ತಿನ್ನಿಸತೊಡಗಿದ. ದ್ವಾರಕಾಬಾಯಿ ಹುಡುಗಿಯರ ತಾಟನ್ನು ಅಡಿಗೆಮನೆಯ ಹೊಸ್ತಿಲಿನ ಆಚೆಗೆ ನೀಡತೊಡಗಿದರು. ಪಂಢರಿನಾಥ ಸೋಲುವ ಪೈಕಿಯಲ್ಲ. ಊಟದ ಹೊತ್ತಿಗೇ ಮನೆ ಮನೆಗೆ ನುಗ್ಗತೊಡಗಿದ. ಅಡಿಗೆಮನೆಯ ಒಳಗೆ ಮನೆಯವರ ಜೊತೆ ಕೂತು ಉಂಡವರು ಸಂಬಂಧಿಕರು, ಹೊರಗೆ ತಾಟು ಹಿಡಿದು ಉಂಡವರು ಬಾಡಿಗೆಯವರು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಕೋರ್ಟಿಗೂ ಸಿಗುವುದಿಲ್ಲ ಎಂದು ಅವನು ಎದೆ ಉಬ್ಬಿಸಿ ಹೇಳುತ್ತಿದ್ದ.

ನಾಳೆ ಮಧ್ಯಾಹ್ನ ನಮ್ಮ ಓಣಿ ಎಂದು ದಾನೇಶ್ವರಿ ಸುದ್ದಿ ತಂದಳು. ದ್ವಾರಕಾಬಾಯಿ ಮೇಲೆ ಹೋಗಿ ನೋಡಿದರೆ ನಾಜಮೀನ್ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನಾ ಊರಿಗೆ ಹೋಗ್ತೀನ್ರಿ ಬಾಯಾರ. ನನ್ನ ಸಲವಾಗಿ ನಿಮಗ ತ್ರಾಸ ಬ್ಯಾಡ."

"ಪರೀಕ್ಷಾ?"

"ಖೋಲಿ ಹೋತಂದ್ರ ಸಾಲಿ ಬಿಡು ಅಂದಾರ್ರಿ ಅಬ್ಬಾ. ಲಗ್ನ ಮಾಡಿ ಕೈ ತೊಳಕೋತೀನಿ ಅಂತ ಕುಂತಾರ."

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಬೈದಾದರೂ ಸುಮ್ಮನಾಗಿಸಬಹುದಿತ್ತು. ದ್ವಾರಕಾಬಾಯಿಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿದಾಗ ಅವರಿಗೆ ಬರುವುದು ಸಿಟ್ಟು ಒಂದೇ.

"ಹೋಗತಾಳಂತ ಹೋಗತಾಳ! ನಾಳೆ ಮುಂಜಾನೆ ಸೂಜಿ ಯಾರು, ನಿಮ್ಮ ಪ್ರಾಚಾರ್ಯ ಬಂದು ಚುಚ್ಚತಾನೇನು? ಇಡು ಆ ಪುಸ್ತಕ ಕೆಳಗ!"

ಮರುದಿನ ಅವರು ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಸಾರು ಮಾಡಿದರು. ಅಡಿಗೆಮನೆಯಲ್ಲಿ ಸಾಲಾಗಿ ಮಣೆ ಹಾಕಿದರು. ಸತ್ತ ಅತ್ತೆ ಗೋಡೆಯ ಫೋಟೋದಿಂದ ಇಳಿದು ಬಂದು ಕೆನ್ನೆಗೆ ಬಾರಿಸುತ್ತಾರೆ ಎನ್ನಿಸಿತ್ತು. ಫೋಟೋ ಅಲ್ಲಾಡಲಿಲ್ಲ. ದಾನೇಶ್ವರಿ ಒಳಗೆ ಬಂದು ಕೂತಳು. ನಾಜಮೀನ್ ರೂಢಿಯಂತೆ ಹೊಸ್ತಿಲ ಹೊರಗೇ ನಿಂತಳು.

"ಬಾ ಒಳಗ. ಹೊಸ್ತಿಲಾ ಏನು ಕಚ್ಚೂದಿಲ್ಲ" ಎಂದರು ದ್ವಾರಕಾಬಾಯಿ.

ನಾಜಮೀನ್ ಒಳಗೆ ಬಂದು ಕೂತು ಚಪಾತಿಯ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಪಂಢರಿನಾಥ ಬಂದ. ಹಿಂದೆ ಕಾಗದದ ಪ್ಯಾಡು ಹಿಡಿದ ಅವನ ಗುಮಾಸ್ತ ಹುಚ್ಚಪ್ಪ. ಪಂಢರಿನಾಥ ಹೊಸ್ತಿಲಿನ ತನಕ ಬಂದವನು ಅಲ್ಲೇ ಗಕ್ಕನೆ ನಿಂತ.

"ಮಾಮಿ... ಇದೇನಿದು?"

"ಊಟ. ನೋಡಿಲ್ಲೇನು ಎಂದೂ?"

"ದಾನೇಶ್ವರಿದು ಇರಲಿ, ಸೊಸಿ ಅಂದ್ರ ಸೊಸಿ, ಒಪ್ಪಿಕೋತೀನಿ. ಆದರ ಇಕಿ..."

"ಇಕಿನೂ ಸೊಸೀನ. ಅಡಗಿಮನ್ಯಾಗ ಉಂಡವರು ಸಂಬಂಧಿಕರು ಅಂತ ಡಂಗುರಾ ಸಾರಿದಾವ ನೀನ. ಉಣ್ಣಲಿಕ್ಕೆ ಹತ್ಯಾಳ, ಕಣ್ಣು ಕಾಣಸೂದಿಲ್ಲೇನು? ಊಟದ ಹೊತ್ತಿಗೆ ಬಂದೀದಿ, ಬಾ, ನೀನೂ ಕೂಡು. ಹುಚ್ಚಪ್ಪಾ, ನೀನೂ ಬಾ."

ಹುಚ್ಚಪ್ಪನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಕೈ ತೊಳೆದು ಬಂದು ಮಣೆ ಹಿಡಿದ. ಉಳಿದದ್ದು ನಾಜಮೀನಳ ಬಾಜೂಕಿನ ಮಣೆ ಒಂದೇ. ಪಂಢರಿನಾಥ ಅದನ್ನು ನೋಡಿದ, ಅವಳನ್ನು ನೋಡಿದ, ಮೂಗಿನ ತುದಿ ಸಣ್ಣಗೆ ಸೊಟ್ಟಗಾಯಿತು.

"ನಂದು ಇವತ್ತ ಹೊಟ್ಟಿ ಸರಿ ಇಲ್ಲ ಮಾಮಿ."

"ಈಗ ಮಡಿವಾಳೆಪ್ಪನ ಅಂಗಡ್ಯಾಗ ತಾಟು ತುಂಬ ಮಿರ್ಚಿ ತಿಂದ್ರೆಲ್ಲರಿ ಸಾಹೇಬ್ರ?" ಎಂದ ಹುಚ್ಚಪ್ಪ, ಬಾಯಿತುಂಬ ಪಲ್ಯ ಇಟ್ಟುಕೊಂಡು.

ನಾಜಮೀನ್ ತುತ್ತನ್ನು ತಾಟಿನಲ್ಲಿ ಬಿಟ್ಟು ಕೈ ಹಿಂದೆಗೆದಳು. ದ್ವಾರಕಾಬಾಯಿಗೆ ಆ ಸೊಟ್ಟ ಮೂಗು ಎಲ್ಲೋ ನೋಡಿದಂತೆ ಅನ್ನಿಸಿತು. ನೋಡಿದ್ದೆಲ್ಲಿ? ಅದು ತಮ್ಮದೇ. ನಿನ್ನೆಯವರೆಗೆ ಈ ಹೊಸ್ತಿಲಲ್ಲಿ ನಿಂತು ಈ ಹುಡುಗಿಗೆ ತಾವು ತೋರಿಸಿದ ಮುಖ ಇದೇ. ಅವರಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ನೆತ್ತಿಗೇರಿತು.

"ಉಣ್ಣೂದಿಲ್ಲ ಅಂದ್ರ ಬಿಡು. ಹುಚ್ಚಪ್ಪಾ, ಬರಕೋ. ನಾಜಮೀನ್ ನನ್ನ ಅಡಗಿಮನ್ಯಾಗ ಉಂಡಾಳ. ಪಂಢರಿನಾಥ ಉಂಡಿಲ್ಲ. ಯಾರು ನನ್ನ ಸಂಬಂಧಿಕರು, ನಿಮ್ಮ ಠರಾವಿನ ಪ್ರಕಾರ ನೀವ ಹೇಳ್ರಿ."

ಪಂಢರಿನಾಥನ ಮುಖ ಕೆಂಪಗಾಯಿತು. "ಏ ಹುಚ್ಚಪ್ಪ, ಅದೆಲ್ಲಾ ಬ್ಯಾಡ. ಈ ಹುಡುಗಿ ಸಂಬಂಧಿಕಳು ಅಲ್ಲ ಅಂತ ಬರಿ. ಖೋಲಿ ಬಿಡಸೂಣು."

ಹುಚ್ಚಪ್ಪ ಎಡಗೈಯಿಂದ ಪ್ಯಾಡು ಹತ್ತಿರ ಎಳೆದುಕೊಂಡ. "ಬರೀತೀನ್ರಿ. ಖೋಲಿ ಬಿಡಸಾಕ ಕಾರಣ ಬರೀಬೇಕಂತ ನೀವ ಆರ್ಡರ್ ಮಾಡೀರಿ. ಬುತ್ತಿ ಬಂದಿಲ್ಲ. ಒಳಗ ಕುಂತು ಉಂಡಾಳ, ನಾನ ಇಲ್ಲೇ ಬಾಜೂಕ ಕುಂತೀನಿ. ಏನಂತ ಬರೀಲ್ರಿ ಕಾರಣಾ?"

ಪಂಢರಿನಾಥ ಬಾಯಿ ತೆರೆದ. ಕಾರಣ ಅವನಿಗೆ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಊರಿನಲ್ಲಿ ಕೋಣೆ ಖಾಲಿ ಇಲ್ಲ ಎಂದು ಬಾಗಿಲು ಹಾಕಿಕೊಂಡವರಿಗೆಲ್ಲ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿ, ಸರ್ಕಾರದ ಕಾಗದದ ಮೇಲೆ ಬರೆಸಿ, ಕೆಳಗೆ ತನ್ನ ಸಹಿ ಹಾಕುವುದು ಅವನಿಂದ ಆಗಲಿಲ್ಲ.

"ಹೇಳೋ," ಎಂದರು ದ್ವಾರಕಾಬಾಯಿ, ಶಾಲೆಯಲ್ಲಿ ಮಗ್ಗಿ ಕೇಳುವ ದನಿಯಲ್ಲಿ. "ಹುಡುಗಿ ಎದುರಿಗೆ ಕೂತಾಳ. ಕಾರಣಾ ಹೇಳು."

ಅವನು ನೆಲ ನೋಡಿದ. "ಉಂಡಾಳ ಅಂತ ಬರಿ" ಎಂದು ಗೊಣಗಿ ಹೊರಟೇ ಹೋದ. ಹುಚ್ಚಪ್ಪ ಬರೆದು, ಇನ್ನೆರಡು ಚಪಾತಿ ಹಾಕಿಸಿಕೊಂಡು ತಿಂದು ಆಮೇಲೆ ಹೋದ.

ಅವರು ಹೋದ ಮೇಲೆ ದ್ವಾರಕಾಬಾಯಿ ಎದ್ದು ಬಕೆಟ್ಟಿನಲ್ಲಿ ನೀರು ತಂದರು. ನಾಜಮೀನಳ ಮುಖ ಸಣ್ಣದಾಯಿತು. ಆ ನೀರು ಯಾತಕ್ಕೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ಉಂಡ ತಾಟು ಎತ್ತಿಕೊಂಡು ಏಳಲು ಹೋದಳು.

ದ್ವಾರಕಾಬಾಯಿ ಅವಳನ್ನು ದಾಟಿ ಹೋಗಿ, ಪಂಢರಿನಾಥ ನಿಂತಿದ್ದ ಜಾಗಕ್ಕೆ ಬಕೆಟ್ಟು ಪೂರ್ತಿ ಸುರಿದು, ಕಸಬರಿಗೆಯಿಂದ ತಿಕ್ಕಿ ತಿಕ್ಕಿ ತೊಳೆದರು.

"ಎಂಥೆಂಥಾವರು ಬಂದು ನಿಂತು ಹೋಗತಾರ ನೋಡವಾ ಮನ್ಯಾಗ" ಎಂದರು. "ನೀ ಯಾಕ ಎದ್ದಿ? ಕೂಡು. ಅನ್ನ ಉಣ್ಣೂದದ ಇನ್ನೂ."