ಮೆಟ್ಟಿಲು ಹತ್ತಿ ಬಂದವರ ಬಲಗಡೆ

ಎಲ್ಲಿಂದ ಶುರುಮಾಡಲಿ? ಕುವೈತಿನಿಂದಲೋ, ಮನ್ಸೂರಾದ ಐದನೆಯ ಮಹಡಿಯಿಂದಲೋ? ಕುವೈತಿನಿಂದ ಹೊರಟ ಎರಡು ಕರಡು ಹರಿದುಹಾಕಿದ್ದೇನೆ. ಎರಡರಲ್ಲೂ ನಶ್ವಾ ಅಳುತ್ತಿದ್ದಳು. ಅವಳು ಅಳುವ ಪೈಕಿಯವಳಲ್ಲ. ಹನ್ನೊಂದು ವರ್ಷದಿಂದ ಕುವೈತಿನಲ್ಲಿ ನರ್ಸು. ಊರಿಗೆ ಬರುವ ಟಿಕೆಟ್ಟಿನ ದುಡ್ಡನ್ನೂ ಉಳಿಸಿ ತನ್ನೂರು ಮನ್ಸೂರಾದಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಟ್ಟಿದ್ದಾಳೆ. ಅದನ್ನು ನೋಡಿರುವುದು ಫೋನಿನಲ್ಲಿ ಮಾತ್ರ.

೧.
ನಮ್ಮ ಮನ್ಸೂರಾ ಕಡೆ ಫ್ಲ್ಯಾಟು ಮಾರುವುದು ಬರೀ ಇಟ್ಟಿಗೆಯ ಗೂಡಾಗಿ. ನೆಲ, ಗಾರೆ, ನಲ್ಲಿ ಎಲ್ಲ ಕೊಂಡವರ ಪಾಡು. ಬಾಗಿಲಿಗೆ ನಂಬರೂ ಇರುವುದಿಲ್ಲ. ನಶ್ವಾಳ ಕ್ರಯಪತ್ರದಲ್ಲಿ ಬರೆದದ್ದು ಇಷ್ಟೇ: ಐದನೆಯ ಮಹಡಿ, ಮೆಟ್ಟಿಲು ಹತ್ತಿ ಬಂದವರ ಬಲಗಡೆ.

ಅವಳು ಫೋಟೋ ನೋಡಿ ಟೈಲ್ಸು ಆರಿಸಿದಳು. ಕೆಲಸ ಮಾಡಿಸಿದವನು ಕಟ್ಟಡದ ಕಾವಲುಗಾರ ಬಯೂಮಿ. ಮಂಡಿನೋವಿನ ಮನುಷ್ಯ, ಲಿಫ್ಟಿನಲ್ಲಿ ಹೋದ. ಲಿಫ್ಟು ಇರುವುದು ಮೆಟ್ಟಿಲಿಗೆ ಎದುರುಬದುರಾಗಿ. ಅದರಿಂದ ಹೊರಬಂದವನ ಬಲಗಡೆ ಇದ್ದದ್ದು ಶೌಕತ್ ಮೇಷ್ಟ್ರ ಫ್ಲ್ಯಾಟು. ಮೇಷ್ಟ್ರು ಜಿದ್ದಾದಲ್ಲಿದ್ದರು; ಟೈಲ್ಸು ಬಿದ್ದದ್ದೂ ಬಾಡಿಗೆಯವರು ಬಂದದ್ದೂ ತಮ್ಮ ಮನೆಗೇ ಎಂದು ಅವರಿಗೆ ಗೊತ್ತಾಗಲಿಲ್ಲ.

(ನಗಬೇಡಿ. ದೂರದಲ್ಲಿ ಕೂತವರಿಗೆ ಎಡಬಲ ಎಲ್ಲ ಒಂದೇ.)

೨.
ಆರು ವರ್ಷದ ಮೇಲೆ ಮೇಷ್ಟ್ರು ಬಂದರು, ಮಗಳ ಸಂಸಾರ ಹೂಡಿಸಲು. ಬಯೂಮಿ ನಶ್ವಾಳಿಗೆ ಫೋನು ಹಚ್ಚಿದ.

"ಡಾಕ್ಟರಮ್ಮಾ, ಒಂದು ಸಣ್ಣ ಎಡವಟ್ಟಾಗಿದೆ."

"ನಾನು ನರ್ಸು, ಮಾಮ. ನೀವು ಡಾಕ್ಟರಮ್ಮ ಅಂದಾಗೆಲ್ಲ ಎದೆ ಧಸಕ್ಕನ್ನುತ್ತೆ. ಏನಾಯ್ತು?"

"ನಿಮ್ಮನೆ ನಿಮ್ಮದಲ್ವಂತೆ."

"ಮತ್ತೆ ನನ್ನದು ಯಾವ್ದು?"

"ಎದುರಿಂದು. ಬರೀ ಇಟ್ಟಿಗೆ. ಪಾರಿವಾಳ ಬೇರೆ ಮೊಟ್ಟೆ ಇಟ್ಟಿವೆ."

೩.
ಇಲ್ಲಿ ಮೇಷ್ಟ್ರು ಬಾಡಿಗೆಯವರ ಪಾತ್ರೆಪಗಡವನ್ನು ಬೀದಿಗೆಸೆಯುವ ದೃಶ್ಯ ಬರೆದಿದ್ದೆ. ಅವರೇ ನನ್ನನ್ನು ದಬಾಯಿಸಿದರು. "ನನ್ನನ್ಯಾಕ್ರೀ ಖಳನಾಯಕ ಮಾಡ್ತೀರಿ? ಎದುರು ಮನೇಗೆ ನನ್ನ ಖರ್ಚಲ್ಲೇ ಅದೇ ಟೈಲ್ಸು ಹಾಕಿಸಿಕೊಡ್ತೀನಿ. ಆಮೇಲೆ ಖಾಲಿ ಮಾಡಲಿ."

ಎಂಥ ಸುಖಾಂತ್ಯ! ಪೆನ್ನಿನ ಮುಚ್ಚಳ ಹಾಕಿಯೇಬಿಟ್ಟಿದ್ದೆ. ಅಷ್ಟರಲ್ಲಿ ನಬವಿಯ್ಯಾ ಅಜ್ಜಿ ಅಡ್ಡ ಬಂದಳು.

(ಇವಳನ್ನು ಮೊದಲೇ ಪರಿಚಯಿಸಬೇಕಿತ್ತು, ತಪ್ಪು ನನ್ನದು. ಆ ಮನೆಯ ಬಾಡಿಗೆದಾರಳು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಇನ್ಶಿರಾಹ್. ಅಜ್ಜಿ ಅವಳ ತಾಯಿ. ಕಣ್ಣು ಕಾಣದು. ಆರು ವರ್ಷ ಗೋಡೆ ತಡವಿ ತಡವಿ ಮನೆಯನ್ನು ಬಾಯಿಪಾಠ ಮಾಡಿದ್ದಾಳೆ.)

"ನಾಲ್ಕು ಹೆಜ್ಜೆ ತಾನೆ ಅಜ್ಜಿ? ಅದೇ ಟೈಲ್ಸು" ಎಂದೆ.

"ಟೈಲ್ಸು ಯಾರಿಗಪ್ಪಾ ಕಾಣುತ್ತೆ? ಇಲ್ಲಿ ಎಡಕ್ಕಿರೋದೆಲ್ಲ ಅಲ್ಲಿ ಬಲಕ್ಕೆ. ಬಚ್ಚಲು ಅಂತ ಹೋದ್ರೆ ಬಾಲ್ಕನಿ ಸಿಗುತ್ತೆ. ಬರೆಯೋನು ನೀನು, ಬೀಳೋಳು ನಾನು."

ಪೆನ್ನಿನ ಮುಚ್ಚಳ ಮತ್ತೆ ತೆಗೆದೆ.

೪.
ಇನ್ಶಿರಾಹ್ ಇಡೀ ದಿನ ಹೊಲಿಗೆ ಬಿಟ್ಟು ತಾಯಿಯ ಕೈ ಹಿಡಿದು ನಡೆಸಲಾರಳು. ನಶ್ವಾ ಹೊಸ ಮನೆಯ ವಿಡಿಯೋ ಕಳಿಸಲು ಹೇಳಿದಳು. ಅಜ್ಜಿ ಫೋನನ್ನು ಅತ್ತ ತಳ್ಳಿದಳು. "ಫೋನಲ್ಲಿ ಮನೆ ನೋಡಿದ್ದು ಸಾಕು ಅವಳಿಗೆ. ನನಗೆ ಕಾಣಲ್ಲ, ಅವಳು ಕಂಡಿಲ್ಲ. ಬರಲಿ, ಇಬ್ಬರೂ ಗೋಡೆ ಹಿಡ್ಕೊಂಡು ಕಲಿಯೋಣ."

ನಾನೂ ನಶ್ವಾಳಿಗೆ ಹೇಳಿದೆ, ಹೋಗಿ ಬಾರಮ್ಮಾ ಎಂದು.

"ಹೇಳೋದು ಸುಲಭ. ಆ ಬಿಲ್ಡಿಂಗಿನ ಮೆಟ್ಟಿಲು ನೀವು ಹತ್ತಿದ್ದೀರಾ?"

ಹತ್ತಿಲ್ಲ. ನಾನೂ ಈ ಕುರ್ಚಿಯಲ್ಲೇ ಕೂತು ಅವರನ್ನೆಲ್ಲ ಅಲ್ಲಿ ಇರಿಸಿರುವವನು. ನಾಚಿಕೆಯಾಯಿತು.

೫. (ಅಂತ್ಯಗಳು)
ಅ) ನಶ್ವಾ ಫ್ಲ್ಯಾಟು ಮಾರಿದಳು. (ಹೊಡೆದುಹಾಕಿದೆ. ಕೊಂಡವನು ದುಬೈಯಲ್ಲಿದ್ದ.)

ಆ) ಮನೆ ಬದಲಾಯಿಸುವ ಮುನ್ನವೇ ಅಜ್ಜಿ ತೀರಿಕೊಂಡಳು. (ನನಗೇ ಅಸಹ್ಯವಾಯಿತು. ಹೊಡೆದುಹಾಕಿದೆ.)

ಇ) ನಶ್ವಾ ಸೂಟ್‌ಕೇಸು ಹೊತ್ತು ಬಂದಿದ್ದಾಳೆ. ಲಿಫ್ಟು ಬೇಡವೆಂದು ಮೆಟ್ಟಿಲು ಹತ್ತಿದ್ದಾಳೆ. ಬಲಕ್ಕೆ ತಿರುಗಿದರೆ ಹೊಸ ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿ ಅಜ್ಜಿ ನಿಂತಿದ್ದಾಳೆ.

"ಯಾರದು?"

"ಈ ಮನೆಯವಳು, ಅಜ್ಜಿ. ನನಗೂ ಇಲ್ಲಿ ಏನೂ ಗೊತ್ತಿಲ್ಲ."

"ಹಂಗಾದ್ರೆ ಕೈ ಕೊಡು."

ಇಬ್ಬರೂ ಗೋಡೆ ಸವರುತ್ತ ಹೊರಟಿದ್ದಾರೆ. ಒಂದು, ಎರಡು, ಮೂರು. ಇಲ್ಲಿಗೆ ಮುಗಿಸಿದರೆ ಚೆಂದವಿತ್ತು. ನಾಲ್ಕನೆಯ ಹೆಜ್ಜೆಗೆ ಅಜ್ಜಿ ನನ್ನತ್ತ ಮುಖ ತಿರುಗಿಸಿದಳು.

"ಏ ಕಥೆ ಬರೆಯೋನೇ, ನಾನು ಬಚ್ಚಲು ತಲುಪೋವರೆಗೂ ಮುಗಿಸಬೇಡ, ಕಂಡ್ಯಾ!"

ಇಲ್ಲಜ್ಜಿ, ಮುಗಿಸುವುದಿಲ್ಲ. ಐದು. ಆರು. ನಿಧಾನ