ಗುರುಸಿದ್ದವ್ವನ ಕುತ್ತಿಗೆ ಪಟ್ಟಿ

ನಾನು ಒಂದು ಕುತ್ತಿಗೆ ಪಟ್ಟಿ. ಮೈಯೆಲ್ಲ ಸ್ಪಂಜು, ಮೇಲೆ ಗೋಧಿಬಣ್ಣದ ಬಟ್ಟೆ, ಹಿಂದೆ ಚರ್ರೆಂದು ಬಿಚ್ಚುವ ಅಂಟು. ತಗಡಿನ ಶೆಡ್ಡೊಂದರಲ್ಲಿ ಹೆಂಗಸೊಬ್ಬಳು ದಿನವಿಡೀ ಕತ್ತು ಬಗ್ಗಿಸಿ ಕೂತು ನನ್ನಂಥ ನೂರಾರು ಪಟ್ಟಿಗಳನ್ನು ಹೊಲಿದಳು. ಅವಳ ಕುತ್ತಿಗೆಗೆ ಯಾರೂ ಒಂದನ್ನೂ ಕಟ್ಟಲಿಲ್ಲ. ಹುಟ್ಟಿದ ದಿನವೇ ಇದನ್ನು ಕಂಡ ನನ್ನ ಬಾಯಲ್ಲಿ ಸಿಹಿ ಮಾತು ಎಲ್ಲಿಂದ ಬರಬೇಕು?

ಧಾರವಾಡದ ಔಷಧಿ ಅಂಗಡಿಯೊಂದರಲ್ಲಿ ಊರುಗೋಲುಗಳ ಪಕ್ಕ ನೇತಾಡುತ್ತಿದ್ದ ನನ್ನನ್ನು ಕೊಂಡವಳು ಗುರುಸಿದ್ದವ್ವ. ಅರವತ್ತೆರಡರ ಹೆಂಗಸು. ನಲವತ್ತು ವರ್ಷ ತೊಡೆಯ ಮೇಲೆ ಸೀರೆ ಹರಡಿಕೊಂಡು ಕಸೂತಿ ಹಾಕಿದವಳು. ಕಸೂತಿಗೆ ಅಚ್ಚಿಲ್ಲ, ಗೆರೆಯಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಅಚ್ಚುಕಟ್ಟಾಗಿರಬೇಕು. ಹೀಗೆ ಬಗ್ಗಿದ ಕುತ್ತಿಗೆ ಕೊನೆಗೊಂದು ದಿನ ನೆಟ್ಟಗಾಗಲು ಒಪ್ಪಲಿಲ್ಲ.

ಅಂಗಡಿಯ ಮೇಲಿನ ಕೋಣೆಯಲ್ಲಿ ಡಾಕ್ಟರು ತಾವೇ ನನ್ನನ್ನು ಅವಳಿಗೆ ಕಟ್ಟಿದರು.

"ವಯಸ್ಸಾದಂಗ ಎಲುಬು ಸವೀತಾವ ಅಮ್ಮಾರ. ಸವದದ್ದು ತಿರುಗಿ ಬರೂದಿಲ್ಲ, ಆದ್ರ ಸಂಭಾಳಿಸ್ಕೊಂಡು ಹೋಗಬಹುದು. ಇದನ್ನ ಹತ್ತ ದಿನ ಕಟ್ಟ್ರಿ, ಸಾಕು. ಆಮ್ಯಾಲ ನಾ ಹೇಳಿದ ವ್ಯಾಯಾಮ ಮಾಡ್ರಿ. ಬಟ್ಟಿ ಎದಿ ಮಟಕ್ಕ ಎತ್ತಿ ಇಟ್ಕೊಳ್ರಿ, ಅರ್ಧ ತಾಸಿಗೊಮ್ಮೆ ಎದ್ದು ಅಡ್ಡಾಡ್ರಿ. ಕೈ ಜೋಮು ಹಿಡದು ಸಾಮಾನು ಜಾರಾಕ ಹತ್ತಿದ್ರ ಮಾತ್ರ ಒಂದ ದಿನಾನೂ ತಡಾ ಮಾಡಬ್ಯಾಡ್ರಿ, ಬಂದುಬಿಡ್ರಿ."

ಅವಳು ಗೋಣು ಆಡಿಸಿದಳು. ಆಡಿಸಲು ನಾನೆಲ್ಲಿ ಬಿಟ್ಟೆ, ಆಡಿಸಿದಂತೆ ಮಾಡಿದಳು.

ಆದರೆ ಅವಳ ಜೀವವೆಲ್ಲ ಒಂದು ಸೀರೆಯಲ್ಲಿತ್ತು. ಮಗಳು ಶಿವಲೀಲಾ ಚೊಚ್ಚಲ ಬಸುರಿ. ಏಳನೆಯ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕಪ್ಪು ಚಂದ್ರಕಾಳಿ ಸೀರೆ ಉಡಿಸಬೇಕು, ಅದರ ಸೆರಗಿನಲ್ಲಿ ತಾಯಿ ಕೈಯ ಕಸೂತಿಯ ಆರು ತೊಟ್ಟಿಲು ಇರಬೇಕು. ನಾನು ಮನೆಗೆ ಬಂದಾಗ ಮೂರು ಮುಗಿದಿದ್ದವು. ಕುಬಸಕ್ಕೆ ಎರಡು ತಿಂಗಳಿತ್ತು.

ಪೇಟೆಗೆ ಹೊರಟಾಗ ನನ್ನನ್ನು ಕಟ್ಟುತ್ತಿದ್ದಳು. ಕಸೂತಿಗೆ ಕೂತಾಗ ಬಿಚ್ಚುತ್ತಿದ್ದಳು. "ನಿನ್ನ ಕಟ್ಕೊಂಡ್ರ ಎಳಿ ಕಾಣೂದಿಲ್ಲಪ್ಪಾ, ಅಲ್ಲೇ ಇರು" ಎಂದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದಳು. ಅಲ್ಲಿಂದ ಅವಳ ಬಗ್ಗಿದ ಕತ್ತನ್ನು ನೋಡುತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದೆ ಮಟ್ಟವೂ ಇಲ್ಲ, ಅರ್ಧ ತಾಸೂ ಇಲ್ಲ, ಹಾಳಾದ ಹಟ ಒಂದೇ!

ಐದು ತೊಟ್ಟಿಲಾದವು. ಆರನೆಯದು ಅರ್ಧವಾದಾಗ ಸೂಜಿ ಜಾರಿತು. ಮರುದಿನ ಚಹಾದ ಬಟ್ಟಲು ಜಾರಿತು. ಡಾಕ್ಟರು ಹೇಳಿದ್ದು ಇದನ್ನೇ ಅಲ್ಲವೇ? ಏಳು, ಓಡು ಎಂದು ಕೂಗಿಕೊಂಡೆ. ಸ್ಪಂಜಿನ ಕೂಗು ಯಾರಿಗೆ ಕೇಳಬೇಕು! ಹೋದರೆ ಸೂಜಿ ಮುಟ್ಟಬೇಡ ಅನ್ನುತ್ತಾರೆಂದು ಅವಳಿಗೆ ಅಂಜಿಕೆ. ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ, ಅಕ್ಕ ನಿಂಬೆವ್ವನಿಗೆ ಹೇಳಿಕಳಿಸಿದಳು.

ನಿಂಬೆವ್ವ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಹಿಮ್ಮಡಿಯಿಂದ ತುಳಿದರೆ ಉಳುಕು ಹೋಗುತ್ತದೆಂದು ಆ ಕಡೆಯ ನಂಬಿಕೆ. ಅರ್ಧ ಓಣಿಯ ಸೊಂಟ ಅವಳ ಕಾಲಲ್ಲೇ ನೆಟ್ಟಗಾಗಿದೆ ಎಂದು ಜನ ಆಣೆ ಮಾಡುತ್ತಾರೆ. ಆಗಿರಲಿ, ನನಗೇನು? ಇದು ಉಳುಕಲ್ಲ, ಸವೆತ. ಅದನ್ನು ಆ ಮುದುಕಿಗೆ ಹೇಳುವವರು ಯಾರು?

ಮೂರು ಭಾನುವಾರ ಗುರುಸಿದ್ದವ್ವ ಚಾಪೆಯ ಮೇಲೆ ಬೋರಲು ಮಲಗಿದಳು. ಮೂರು ಭಾನುವಾರ ಅಕ್ಕ ಗೋಡೆ ಹಿಡಿದು ಅವಳ ಕುತ್ತಿಗೆಯ ಮೇಲೆ ಹಿಮ್ಮಡಿ ಊರಿದಳು.

"ನೋಯ್ತೇನ ತಂಗಿ?"

"ಇಲ್ಲಬೇ ಅಕ್ಕಾ, ಹಗುರಾತು."

ಸುಳ್ಳು. ಮೊಳೆಯ ಮೇಲಿಂದ ನಾನು ಅವಳ ಮುಖ ನೋಡಿದ್ದೆ. ಮೂರನೆಯ ಭಾನುವಾರ ಎದ್ದು ಕೂತವಳ ಬಲಗೈ ಬೆರಳು ಮಡಚಲೇ ಇಲ್ಲ.

"ಕೈ ಜಾರಿದ ದಿನಾನ ಯಾಕ ಬರಲಿಲ್ಲ ಅಮ್ಮಾರ?" ಎಂದು ಡಾಕ್ಟರು ತಲೆ ಚಚ್ಚಿಕೊಂಡರು. ಆಪರೇಷನ್ ಆಯಿತು. ನೋವು ತಗ್ಗಿತು. ಬೆರಳು ಮಾತ್ರ ತಿರುಗಿ ಬರಲಿಲ್ಲ.

ಉಳಿದ ಅರ್ಧ ತೊಟ್ಟಿಲನ್ನು ನಿಂಬೆವ್ವ ಜಗಲಿಯ ಬಿಸಿಲಿಗೆ ಕೂತು ತಾನೇ ಮುಗಿಸಿದಳು. ಕುಬಸದ ದಿನ ಶಿವಲೀಲಾ ಹಸಿರು ಬಳೆ ತೊಟ್ಟು ಆ ಸೀರೆ ಉಟ್ಟಳು. ಬಂದವರೆಲ್ಲ ಹೊಗಳಿದರು. ಗುರುಸಿದ್ದವ್ವ ಹತ್ತಿರ ಸರಿದು, ಎಡಗೈಯಿಂದ ಸೆರಗು ಮಗುಚಿ ನೋಡಿದಳು. ಐದು ತೊಟ್ಟಿಲ ಬೆನ್ನು ನುಣುಪು. ಆರನೆಯದರ ಹಿಂದೆ ಬರೀ ಗಂಟು.

ನಿಂಬೆವ್ವನ ಮುಖ ಕಪ್ಪಿಟ್ಟಿತು. "ಎಳಿ ಎಣಕಿ ತಪ್ಪತಿತ್ತ ತಂಗಿ, ಗಂಟ ಹಾಕಿ ಹಾಕಿ ಹಿಡದೆ. ಸುಡು ನನ್ನ ಕಾಲ..." ಎಂದು ಗಳಗಳ ಅತ್ತಳು.

"ಕಾಲ ನಿಂದಬೇ ಅಕ್ಕಾ. ಕುತ್ತಿಗಿ ಒಡ್ಡಿದಾಕಿ ನಾನ" ಎಂದು ಗುರುಸಿದ್ದವ್ವ ಸೆರಗನ್ನು ಮೊದಲಿನಂತೆ ಸರಿಮಾಡಿದಳು. ಆಮೇಲೆ ಆರತಿಗೆ ಕರೆದರು.

ನನಗೂ ಈಗ ವಯಸ್ಸಾಯಿತು. ಸ್ಪಂಜು ಚಪ್ಪಟೆಯಾಗಿದೆ, ಅಂಟು ಅರ್ಧಂಬರ್ಧ ಹಿಡಿಯುತ್ತದೆ. ಆದರೂ ನನ್ನನ್ನು ಎಸೆದಿಲ್ಲ. ಶಿವಲೀಲಾ ಬಾಣಂತನಕ್ಕೆ ಬಂದಿದ್ದಾಳೆ, ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದೆ. ಗುರುಸಿದ್ದವ್ವನ ಬಲಗೈಯಲ್ಲಿ ತೊಟ್ಟಿಲ ಹಗ್ಗ ನಿಲ್ಲುವುದಿಲ್ಲ. ಕೂಸು ಅತ್ತಾಗ ಅವಳು ನನ್ನನ್ನು ಆ ಮಣಿಕಟ್ಟಿಗೆ ಸುತ್ತಿ, ಹಲ್ಲಿನಿಂದ ಎಳೆದು ಬಿಗಿದು, ಹಗ್ಗವನ್ನು ನನ್ನೊಳಗೆ ಸಿಕ್ಕಿಸಿ ತೂಗುತ್ತಾಳೆ. ಹತ್ತು ದಿನ ಕಟ್ಟು ಎಂದಿದ್ದರು ಡಾಕ್ಟರು. ಈಗ ದಿನಾಲೂ ಕಟ್ಟುತ್ತಾಳೆ, ಕೈಗೆ.